ಕಲ್ನಾರು ದೂಳಿನಿಂದ ಬಂದ ಕಾಯಿಲೆಗೆ ಪರಿಹಾರ: ದಾಖಲೆ, ಸಾಕ್ಷ್ಯ ಕೂಡಿಸುವ ಬಗೆ

ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಶ್ವಾಸಕೋಶಕ್ಕೆ ಇಳಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಹದಿನೈದು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಾರ್ಖಾನೆಯ ಹೆಸರು ಬದಲಾಗಿರುತ್ತದೆ, ಗುತ್ತಿಗೆದಾರ ತೀರಿಕೊಂಡಿರುತ್ತಾನೆ, ಹಾಜರಿ ಪುಸ್ತಕ ಗುಜರಿಗೆ ಹೋಗಿರುತ್ತದೆ. ಪರಿಹಾರದ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಕಾಯಿಲೆ ನಿಜವಾಗಿದ್ದರೂ ಅದನ್ನು ಕೆಲಸದ ಜಾಗಕ್ಕೆ ಜೋಡಿಸುವ ಕಾಗದ ಇರುವುದಿಲ್ಲ. ಹಾಗಾಗಿ ವಕೀಲರನ್ನು ಹುಡುಕುವ ಮೊದಲೇ, ಸಾಧ್ಯವಾದರೆ ಕಾಯಿಲೆಗೆ ಹೆಸರು ಬೀಳುವ ಮೊದಲೇ, ಈ ಕೆಲಸ ಶುರು ಮಾಡಿ. ಆಸ್ಬೆಸ್ಟಾಸ್ ಶೀಟು, ಪೈಪು, ಬ್ರೇಕ್ ಲೈನರ್, ಕ್ಲಚ್ ಪ್ಲೇಟು, ಗ್ಯಾಸ್ಕೆಟ್, ಕಲ್ನಾರು ಹಗ್ಗ ಮತ್ತು ಬಟ್ಟೆ ತಯಾರಿಸಿದವರು, ಬಾಯ್ಲರ್ ಮತ್ತು ಸ್ಟೀಮ್ ಪೈಪಿಗೆ ಹೊದಿಕೆ ಸುತ್ತಿದವರು, ಹಳೆಯ ಹೊದಿಕೆ ಕಿತ್ತವರು, ಗ್ಯಾರೇಜಿನಲ್ಲಿ ಬ್ರೇಕ್ ಡ್ರಮ್ಮಿಗೆ ಗಾಳಿ ಹೊಡೆದವರು, ಚಾವಣಿ ಶೀಟನ್ನು ಕಟಿಂಗ್ ಮಷಿನ್ನಿನಲ್ಲಿ ಕೊಯ್ದವರು, ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಹಿಂದೆ ನಡೆದ ಕಲ್ನಾರು ಗಣಿಗಳಲ್ಲಿ ದುಡಿದವರು, ಎಲ್ಲರಿಗೂ ಮುಂದಿನ ಮಾತು ಅನ್ವಯಿಸುತ್ತದೆ.

ನ್ಯಾಯಾಲಯದ ಮುಂದೆ ಮೂರು ಸಂಗತಿ ನಿಲ್ಲಬೇಕು. ನೀವು ಅಲ್ಲಿ, ಇಷ್ಟು ಕಾಲ ಕೆಲಸ ಮಾಡಿದ್ದೀರಿ. ಆ ಕೆಲಸದಲ್ಲಿ ಕಲ್ನಾರು ದೂಳು ಉಸಿರಿನೊಳಗೆ ಹೋಗಿದೆ. ಈಗಿರುವ ಕಾಯಿಲೆ ಆ ದೂಳಿನದು. ಮೊದಲನೆಯದಕ್ಕೆ ಸರ್ಕಾರಿ ಕಚೇರಿಗಳಲ್ಲಿ ಏನಾದರೂ ಸಿಗುತ್ತದೆ, ಮೂರನೆಯದಕ್ಕೆ ಆಸ್ಪತ್ರೆಯ ಕಾಗದ ಸಿಗುತ್ತದೆ. ನಡುವಿನದಕ್ಕೆ ಯಾರೂ ತಾವಾಗಿ ಕಾಗದ ಕೊಡುವುದಿಲ್ಲ. ಅದನ್ನು ನೀವೇ ಕಟ್ಟಬೇಕು, ಹೆಚ್ಚಿನ ಶ್ರಮವೂ ಅಲ್ಲಿಗೇ ಹೋಗಬೇಕು.

ಯಾವ ಕದ ತಟ್ಟಬೇಕು

ದಾಖಲೆ ಕೂಡಿಸುವ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಕೆಲಸದಲ್ಲಿದ್ದಾಗ ನಿಮಗೆ ಇಎಸ್‌ಐ ಇತ್ತೇ? ಇದ್ದರೆ ಅಂಗವೈಕಲ್ಯದ ಸೌಲಭ್ಯವನ್ನು ಇಎಸ್‌ಐ ನಿಗಮದಿಂದಲೇ ಕೇಳಬೇಕು. ಅದೇ ಕಾಯಿಲೆಗೆ ನೌಕರರ ಪರಿಹಾರ ಕಾಯ್ದೆಯಡಿ ಮಾಲೀಕರಿಂದ ಕೇಳಲು ಇಎಸ್‌ಐ ಕಾಯ್ದೆಯ 53ನೇ ಕಲಂ ಅಡ್ಡ ಬರುತ್ತಿತ್ತು. ಇಎಸ್‌ಐ ಇಲ್ಲದವರು 1923ರ ನೌಕರರ ಪರಿಹಾರ ಕಾಯ್ದೆಯ ದಾರಿ ಹಿಡಿಯುತ್ತಿದ್ದರು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಈ ಎರಡೂ ಕಾಯ್ದೆಗಳ ಜಾಗದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. 1948ರ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ ವೃತ್ತಿ ಸುರಕ್ಷತೆಯ ಸಂಹಿತೆ ಬಂದಿದೆ. ನಿಮ್ಮ ಕಾಯಿಲೆ ಪತ್ತೆಯಾದ ದಿನ, ಕೆಲಸ ಬಿಟ್ಟ ದಿನ ನೋಡಿ ಯಾವುದು ಅನ್ವಯ ಎಂದು ವಕೀಲರು ಹೇಳಬೇಕು. ಕೂಡಿಸಬೇಕಾದ ಸಾಕ್ಷ್ಯ ಎರಡಕ್ಕೂ ಒಂದೇ.

ಹಳೆಯ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕಲ್ನಾರಿನಿಂದ ಬರುವ ಆಸ್ಬೆಸ್ಟೋಸಿಸ್ (ದೂಳಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ), ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮ (ಹೆಚ್ಚಾಗಿ ಶ್ವಾಸಕೋಶದ ಪೊರೆಗೆ ಬರುವ ಕ್ಯಾನ್ಸರ್) ಮೂರೂ ಇವೆ. ಅನುಸೂಚಿಯಲ್ಲಿ ಹೇಳಿದ ಕಾಯಿಲೆ ಮತ್ತು ಕೆಲಸ ಎರಡೂ ಹೊಂದಿದರೆ, ಬೇರೆಯದು ಸಾಬೀತಾಗದ ಹೊರತು ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಕಾನೂನು ಹಿಡಿಯುತ್ತದೆ. ಅನುಸೂಚಿಯ ಬಿ ಭಾಗದ ಕಾಯಿಲೆಗಳಿಗೆ (ಇವುಗಳಲ್ಲಿ ಎರಡು ಕ್ಯಾನ್ಸರುಗಳು) ಕನಿಷ್ಠ 6 ತಿಂಗಳ ನಿರಂತರ ಕೆಲಸ ತೋರಿಸಬೇಕು. ಆಸ್ಬೆಸ್ಟೋಸಿಸ್‌ನಂಥ ಸಿ ಭಾಗದ ಕಾಯಿಲೆಯಾಗಿದ್ದು, ಹಲವು ಮಾಲೀಕರ ಕೈಕೆಳಗೆ ದುಡಿದಿದ್ದರೆ ಎಲ್ಲರೂ ಪಾಲು ಕೊಡಬೇಕಾಗುತ್ತದೆ, ಪಾಲಿನ ಪ್ರಮಾಣವನ್ನು ಈ ಕಾಯ್ದೆಯ ಅರ್ಜಿಗಳನ್ನು ವಿಚಾರಿಸುವ ಆಯುಕ್ತರು ನಿಗದಿ ಮಾಡುತ್ತಾರೆ. ಆದ್ದರಿಂದ ‘ಕೊನೆಯ ಕಾರ್ಖಾನೆ ಒಂದೇ ಸಾಕು’ ಎಂದು ಹಿಂದಿನ ಕೆಲಸಗಳನ್ನು ಕೈಬಿಡಬೇಡಿ.

ಗಡುವಿನ ಬಗ್ಗೆ ಎಚ್ಚರ ಬೇಕು. 1923ರ ಕಾಯ್ದೆ ಅರ್ಜಿಗೆ ಎರಡು ವರ್ಷದ ಮಿತಿ ಇಟ್ಟಿತ್ತು. ಕೆಲಸ ಬಿಟ್ಟು ಎರಡು ವರ್ಷದೊಳಗೆ ಲಕ್ಷಣ ಕಂಡರೆ, ಲಕ್ಷಣ ಮೊದಲು ಪತ್ತೆಯಾದ ದಿನವನ್ನೇ ಅಪಘಾತದ ದಿನ ಎಂದು ಎಣಿಸುವ ಅವಕಾಶ ಅದರಲ್ಲಿತ್ತು. ಕಲ್ನಾರಿನ ಕಾಯಿಲೆ ಅಷ್ಟು ಬೇಗ ಬರುವುದು ಕಡಿಮೆ. ಸಕಾರಣ ಇದ್ದರೆ ತಡವಾದ ಅರ್ಜಿಯನ್ನೂ ಆಯುಕ್ತರು ಸ್ವೀಕರಿಸಬಹುದು. ಆ ಸಕಾರಣಕ್ಕೆ ಬೇಕಾಗುವುದು ಒಂದೇ: ಇದು ಕಲ್ನಾರಿನ ಕಾಯಿಲೆ ಎಂದು ವೈದ್ಯರು ನಿಮಗೆ ಮೊದಲು ಹೇಳಿದ ದಿನಾಂಕ, ಬರಹದಲ್ಲಿ. ಆ ಚೀಟಿ ಕಳೆದರೆ ತಡಕ್ಕೆ ಸಮಜಾಯಿಷಿ ಕೊಡಲು ಏನೂ ಉಳಿಯುವುದಿಲ್ಲ.

ಇಲ್ಲೊಂದು ಕಹಿ ಸಂಗತಿಯನ್ನು ನೇರವಾಗಿ ಹೇಳಬೇಕು. ಗಂಡನ ಕೆಲಸದ ಬಟ್ಟೆ ಒಗೆದು ದೂಳು ಕುಡಿದ ಹೆಂಡತಿ, ಅಪ್ಪನ ಅಂಗಿ ಕೊಡವಿದ ಮಕ್ಕಳು ‘ನೌಕರ’ರಲ್ಲ. ಅವರಿಗೆ ಈ ಎರಡು ದಾರಿಗಳೂ ತೆರೆದಿಲ್ಲ, ಸಿವಿಲ್ ಕೋರ್ಟಿನಲ್ಲಿ ನಷ್ಟಪರಿಹಾರದ ದಾವೆ ಹೂಡಬೇಕು. ಅಲ್ಲಿ ಮಾಲೀಕರ ನಿರ್ಲಕ್ಷ್ಯವನ್ನೂ ಸಾಬೀತು ಮಾಡಬೇಕಾದ್ದರಿಂದ ದೂಳಿನ ಸಾಕ್ಷ್ಯ ಇನ್ನಷ್ಟು ಗಟ್ಟಿಯಾಗಿರಬೇಕು.

ಕೆಲಸ ಮಾಡಿದ್ದಕ್ಕೆ ಕಾಗದ

ಮೊದಲು ಮನೆಯ ಟ್ರಂಕು, ಬೀರು, ದೇವರ ಮನೆಯ ಅಟ್ಟ ಹುಡುಕಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಬೋನಸ್ ಚೀಟಿ, ಗೇಟ್ ಪಾಸ್, ಗುರುತಿನ ಚೀಟಿ, ಯೂನಿಯನ್ ರಸೀದಿ, ಕಾರ್ಖಾನೆಯ ಸೊಸೈಟಿಯ ಪಾಸ್‌ಬುಕ್, ಸಂಬಳದಿಂದ ಕಂತು ಕಟ್ಟಿದ ಎಲ್‌ಐಸಿ ಪಾಲಿಸಿ, ಗ್ರ್ಯಾಚುಟಿ ಕೊಟ್ಟ ಪತ್ರ, ಯೂನಿಫಾರ್ಮಿನಲ್ಲಿ ತೆಗೆಸಿದ ಫೋಟೊ, ಆಯುಧಪೂಜೆಯ ದಿನ ಮಷಿನ್ ಮುಂದೆ ನಿಂತು ತೆಗೆಸಿಕೊಂಡ ಗುಂಪಿನ ಫೋಟೊ, ಎಲ್ಲವೂ ಬೇಕು. ಇಂಥ ಗುಂಪಿನ ಫೋಟೊಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಯಾವ ಶೆಡ್ಡು, ಯಾವ ಮಷಿನ್, ಪಕ್ಕದಲ್ಲಿ ಯಾರಿದ್ದರು ಎಂಬುದು ಒಂದೇ ಕಡೆ ಸಿಗುತ್ತದೆ. ಫೋಟೊದ ಹಿಂದೆ ಪೆನ್ನಿನಲ್ಲಿ ಗೀಚಬೇಡಿ. ಹೆಸರು, ವರ್ಷವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ.

ಭವಿಷ್ಯನಿಧಿಯ (ಪಿಎಫ್) ದಾಖಲೆಯೇ ಬೆನ್ನೆಲುಬು. 2014ರಿಂದೀಚೆಗೆ ಯುಎಎನ್ (ಪಿಎಫ್ ಸದಸ್ಯರ ಏಕೀಕೃತ ಸಂಖ್ಯೆ) ಇದ್ದವರು ಇಪಿಎಫ್‌ಒ ಜಾಲತಾಣದಿಂದ ಪಾಸ್‌ಬುಕ್ ಮತ್ತು ಸೇವಾ ವಿವರ ಇಳಿಸಿಕೊಳ್ಳಬಹುದು. ಅದಕ್ಕೂ ಮೊದಲೇ ಕೆಲಸ ಬಿಟ್ಟು ಹಣ ಹಿಂತೆಗೆದುಕೊಂಡವರಿಗೆ ಅದು ಸಿಗದು. ಅವರಿಗೆ ಸಂಬಳದ ಚೀಟಿಯಲ್ಲಿರುವ ಹಳೆಯ ಪಿಎಫ್ ಖಾತೆ ಸಂಖ್ಯೆ ಬೇಕು. ಅದರಲ್ಲಿ ಕಾರ್ಖಾನೆಯ ಕೋಡ್ ಇರುತ್ತದೆ. ಆ ಕೋಡ್ ಮತ್ತು ನಿಮ್ಮ ಸಂಖ್ಯೆ ಕೊಟ್ಟು, ಮಾಲೀಕರು ವರ್ಷಕ್ಕೊಮ್ಮೆ ಸಲ್ಲಿಸುತ್ತಿದ್ದ 3ಎ ಮತ್ತು 6ಎ ನಮೂನೆಗಳ ನಕಲನ್ನು ಪ್ರಾದೇಶಿಕ ಪಿಎಫ್ ಕಚೇರಿಯಲ್ಲಿ ಕೇಳಿ. ಸಂಖ್ಯೆ ಮರೆತಿದ್ದರೆ ಅದೇ ಕಾಲದಲ್ಲಿ ಸೇರಿದ ಸಹೋದ್ಯೋಗಿಯ ಚೀಟಿ ನೋಡಿ, ಕಾರ್ಖಾನೆಯ ಕೋಡ್ ಇಬ್ಬರಿಗೂ ಒಂದೇ. ಇಎಸ್‌ಐ ಇದ್ದವರು ವಿಮಾ ಸಂಖ್ಯೆ ಕೊಟ್ಟು ವಂತಿಗೆಯ ವಿವರ ಪಡೆಯಬೇಕು.

ಗುತ್ತಿಗೆ ಕೆಲಸಗಾರರ ಕಷ್ಟ ಬೇರೆ. ಅವರ ಪಿಎಫ್ ಕಟ್ಟಿದ್ದರೆ ಅದು ಗುತ್ತಿಗೆದಾರನ ಕೋಡಿನಲ್ಲಿರುತ್ತದೆ, ಕಾರ್ಖಾನೆಯ ಹೆಸರು ಎಲ್ಲೂ ಬರುವುದಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ನಿಯಮಗಳ ಪ್ರಕಾರ ಗುತ್ತಿಗೆದಾರ ಉದ್ಯೋಗ ಚೀಟಿ, ಕೆಲಸ ಮುಗಿದಾಗ ಸೇವಾ ಪ್ರಮಾಣಪತ್ರ ಕೊಡಬೇಕಿತ್ತು. ಎಷ್ಟೋ ಮಂದಿಗೆ ಕೊಟ್ಟೇ ಇಲ್ಲ. ಆದರೆ ಮುಖ್ಯ ಮಾಲೀಕರು ಯಾವ ಗುತ್ತಿಗೆದಾರರನ್ನು, ಯಾವ ಕೆಲಸಕ್ಕೆ, ಎಷ್ಟು ಜನಕ್ಕೆ ಇಟ್ಟುಕೊಂಡಿದ್ದರು ಎಂಬ ನೋಂದಣಿ ವಿವರ ಕಾರ್ಮಿಕ ಇಲಾಖೆಯಲ್ಲಿ ಇರಬೇಕು. ಅದು ಸಿಕ್ಕರೆ ಗುತ್ತಿಗೆದಾರನ ಪಿಎಫ್ ದಾಖಲೆಗೂ ಕಾರ್ಖಾನೆಗೂ ಗಂಟು ಬೀಳುತ್ತದೆ. ಗಣಿ ಕೆಲಸಗಾರರು ನಮೂನೆ ‘ಬಿ’ ರಿಜಿಸ್ಟರಿನ ನಕಲನ್ನೂ, ನಿಯಮದಂತೆ ನಡೆದಿರಬೇಕಾದ ವೈದ್ಯಕೀಯ ತಪಾಸಣೆಯ ನಮೂನೆ ‘ಒ’ ನಕಲನ್ನೂ ಕೇಳಬೇಕು.

ಹೆಸರು ಮತ್ತು ಹುಟ್ಟಿದ ದಿನಾಂಕದ ವ್ಯತ್ಯಾಸವನ್ನು ಆರಂಭದಲ್ಲೇ ಸರಿಪಡಿಸಿ. ಪಿಎಫ್‌ನಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಪಡಿತರ ಚೀಟಿಯಲ್ಲಿ ಊರಿನ ಹೆಸರು ಸೇರಿದೆ, ಆಸ್ಪತ್ರೆಯಲ್ಲಿ ಬರೀ ಮನೆಯಲ್ಲಿ ಕರೆಯುವ ಹೆಸರು: ಎದುರು ವಕೀಲರು ಮೊದಲು ಹಿಡಿಯುವುದು ಇದನ್ನೇ. ‘ಈ ಎಲ್ಲ ಹೆಸರಿನ ವ್ಯಕ್ತಿ ಒಬ್ಬನೇ’ ಎಂಬ ಅಫಿಡವಿಟ್‌ನಲ್ಲಿ ಪ್ರತಿ ರೂಪವನ್ನೂ, ಅದು ಯಾವ ದಾಖಲೆಯಲ್ಲಿದೆ ಎಂಬುದನ್ನೂ ಬರೆಯಬೇಕು. ವಯಸ್ಸಂತೂ ನೇರ ಹಣದ ವಿಷಯ. 1923ರ ಕಾಯ್ದೆಯಲ್ಲಿ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ವೇತನದ ಶೇ 60ನ್ನು ವಯಸ್ಸಿನ ಅಂಕದಿಂದ ಗುಣಿಸುತ್ತಿದ್ದರು. 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000 ರೂ. ವಯಸ್ಸು 55 ಆದರೆ ಅಂಕ 135.56, ಮೊತ್ತ 12,20,040 ರೂ. ವಯಸ್ಸು 60 ಎಂದಾದರೆ ಅಂಕ 117.41, ಮೊತ್ತ 10,56,690 ರೂ. ಮೇಷ್ಟ್ರು ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆದ ವರ್ಷ ಒಂದೂವರೆ ಲಕ್ಷಕ್ಕೂ ಹೆಚ್ಚು ವ್ಯತ್ಯಾಸ ಮಾಡಬಲ್ಲದು.

ದೂಳಿನ ಸಾಕ್ಷ್ಯ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಕೆಲಸಕ್ಕೂ ಎರಡು ಪುಟ ಬಿಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಶೆಡ್ಡು, ಮೇಸ್ತ್ರಿ ಯಾರು, ಕೈಯಲ್ಲಿ ಹಿಡಿದ ಉಪಕರಣ ಯಾವುದು, ವಸ್ತು ಯಾವ ರೂಪದಲ್ಲಿ ಬರುತ್ತಿತ್ತು, ಚೀಲದ ಬಣ್ಣ, ಚೀಲದ ಮೇಲಿನ ಅಕ್ಷರ, ಯಾವ ದೇಶದ ಹೆಸರು, ಚೀಲ ಹೇಗೆ ಬಿಚ್ಚುತ್ತಿದ್ದರು, ಒಣಗಿದ್ದನ್ನು ಸುರಿಯುತ್ತಿದ್ದರೋ ನೀರು ಹಾಕುತ್ತಿದ್ದರೋ, ನೆಲ ಗುಡಿಸುತ್ತಿದ್ದುದು ಪೊರಕೆಯಲ್ಲೋ, ಗಾಳಿ ಹೊಡೆದೋ, ದೂಳೆಳೆಯುವ ಫ್ಯಾನ್ ಇತ್ತೇ, ಇದ್ದರೆ ಓಡುತ್ತಿತ್ತೇ, ಮಾಸ್ಕ್ ಎಂದು ಕೊಟ್ಟದ್ದು ಬಟ್ಟೆಯೋ ಫಿಲ್ಟರಿನದೋ, ಊಟ ಎಲ್ಲಿ ಕೂತು ಮಾಡುತ್ತಿದ್ದಿರಿ, ಕೆಲಸದ ಬಟ್ಟೆ ಎಲ್ಲಿ ಒಗೆಯುತ್ತಿದ್ದರು. ಎಳೆಯ ಬಣ್ಣವನ್ನೂ ಬರೆಯಿರಿ. ಕಲ್ನಾರಿನಲ್ಲಿ ಬಿಳಿ, ನೀಲಿ, ಕಂದು ಎಂದು ವಿಧಗಳಿವೆ. ನೀಲಿ, ಕಂದು ಬಗೆಯವು ಮೀಸೋಥೀಲಿಯೋಮಕ್ಕೆ ಬಿಳಿಯದಕ್ಕಿಂತ ಹೆಚ್ಚು ಕಾರಣವಾಗುತ್ತವೆ. ಆದರೆ ಬಿಳಿಯದೂ ಸೇರಿ ಎಲ್ಲ ಬಗೆಗಳೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ನಿಲುವು. ‘ಬಿಳಿ ಕಲ್ನಾರು ಸುರಕ್ಷಿತ’ ಎಂಬ ವಾದ ಎದುರಾದರೆ ಇದನ್ನು ಮುಂದಿಡಬೇಕು.

ನೆನಪಿಲ್ಲದ್ದನ್ನು ತುಂಬಿಸಬೇಡಿ. ‘1991 ಅಥವಾ 92, ದೊಡ್ಡ ಮಗಳು ಹುಟ್ಟಿದ ವರ್ಷ’ ಎಂದು ಬರೆದರೆ ಅದು ನಂಬುವಂಥ ಸಾಕ್ಷ್ಯ. ‘1991ರ ಜೂನ್ 14’ ಎಂದು ಊಹೆಯಿಂದ ಬರೆದರೆ, ಅಂದು ಕಾರ್ಖಾನೆಗೆ ರಜೆ ಇತ್ತೆಂದು ತೋರಿಸಿ ನಿಮ್ಮ ಇಡೀ ಮಾತನ್ನೇ ಅನುಮಾನಕ್ಕೆ ತಳ್ಳುತ್ತಾರೆ.

ಮುಂದಿನದು ಸಹೋದ್ಯೋಗಿಗಳ ಅಫಿಡವಿಟ್. ಇಬ್ಬರಿಂದ ನಾಲ್ವರು ಸಾಕು, ಆದರೆ ಅದೇ ಶೆಡ್ಡಿನಲ್ಲಿ ಅದೇ ವರ್ಷಗಳಲ್ಲಿ ದುಡಿದವರಾಗಿರಬೇಕು, ಅವರೂ ತಮ್ಮ ಪಿಎಫ್ ಅಥವಾ ಇಎಸ್‌ಐ ದಾಖಲೆಯನ್ನು ಲಗತ್ತಿಸಬೇಕು. ಒಂದೇ ಟೈಪು ಮಾಡಿದ ಹಾಳೆಗೆ ಹೆಸರು ಮಾತ್ರ ಬದಲಿಸಿ ಎಲ್ಲರಿಂದ ಸಹಿ ಹಾಕಿಸುವುದು ತುಂಬ ಕಾಣುವ ತಪ್ಪು. ಪಾಟೀ ಸವಾಲಿನಲ್ಲಿ ಆ ಹಾಳೆ ಐದು ನಿಮಿಷವೂ ನಿಲ್ಲುವುದಿಲ್ಲ. ‘ಇವರು ಕಲ್ನಾರಿನಲ್ಲಿ ಕೆಲಸ ಮಾಡಿದ್ದು ನನಗೆ ಗೊತ್ತು’ ಎಂಬ ವಾಕ್ಯವೂ ನಿಷ್ಪ್ರಯೋಜಕ. ಹೀಗಿರಬೇಕು: ‘ನಾನು ಮಿಕ್ಸಿಂಗ್ ವಿಭಾಗದಲ್ಲಿದ್ದೆ. ಇವರು ನನ್ನಿಂದ ಹತ್ತು ಅಡಿ ದೂರದಲ್ಲಿ ಚೀಲ ಕೊಯ್ದು ಎಳೆಯನ್ನು ಹಾಪರಿಗೆ ಸುರಿಯುತ್ತಿದ್ದರು. ಒಂದು ಪಾಳಿಗೆ ಸುಮಾರು ಅರವತ್ತು ಚೀಲ. ಸುರಿಯುವಾಗ ಎದುರಿನವರ ಮುಖ ಕಾಣದಷ್ಟು ದೂಳು ಏಳುತ್ತಿತ್ತು. ನೀರು ಸಿಂಪಡಿಸುತ್ತಿರಲಿಲ್ಲ.’ ಕಂಡದ್ದು, ಕೇಳಿದ್ದು, ತಾನೇ ಮಾಡಿದ್ದು ಮಾತ್ರ ಬರಬೇಕು. ಕಾಯಿಲೆಯ ಬಗ್ಗೆ ಸಾಕ್ಷಿ ಮಾತಾಡಬಾರದು, ಅದು ವೈದ್ಯರ ಕೆಲಸ.

ಸರ್ಕಾರದ ಕಡತ ತೆರೆಸಲು ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಒಂದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಹಾಕಿ. ಶುಲ್ಕ 10 ರೂ., ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದನ್ನೇ ನೆಪ ಮಾಡಿ ಹಿಂದಿರುಗಿಸುತ್ತಾರೆ. ಬಿಡಿಬಿಡಿಯಾಗಿ ಕೇಳಬೇಕಾದವು ಇವು:

– ಇಂಥ ವರ್ಷದಿಂದ ಇಂಥ ವರ್ಷದವರೆಗೆ ಕಾರ್ಖಾನೆಯ ಪರವಾನಗಿ, ಅನುಮೋದಿತ ನಕ್ಷೆ ಮತ್ತು ಕಚ್ಚಾವಸ್ತುಗಳ ಪಟ್ಟಿ
– ತಪಾಸಣಾ ವರದಿಗಳು, ಕೊಟ್ಟ ನೋಟಿಸುಗಳು, ಹೂಡಿದ ಮೊಕದ್ದಮೆಗಳು
– ಕೆಲಸದ ಜಾಗದ ಗಾಳಿಯಲ್ಲಿ ಎಳೆಗಳ ಪ್ರಮಾಣ ಅಳೆದ ವರದಿಗಳು
– ಕಾರ್ಖಾನೆಗಳ ಕಾಯ್ದೆಯ 89ನೇ ಕಲಂ ಪ್ರಕಾರ ಬಂದ ಔದ್ಯೋಗಿಕ ಕಾಯಿಲೆಯ ಸೂಚನೆಗಳ ಸಂಖ್ಯೆ ಮತ್ತು ವರ್ಷ

ಕೊನೆಯದರಲ್ಲಿ ಬೇರೆ ಕಾರ್ಮಿಕರ ಹೆಸರು ಕೇಳಬೇಡಿ. ಖಾಸಗಿ ಮಾಹಿತಿ ಎಂದು ನಿರಾಕರಿಸುತ್ತಾರೆ. ಸಂಖ್ಯೆ, ವರ್ಷ ಸಿಕ್ಕರೂ ಆ ಶೆಡ್ಡಿನಲ್ಲಿ ಹಿಂದೆಯೂ ಕಾಯಿಲೆ ಬಂದಿತ್ತೆಂಬುದು ನಿಲ್ಲುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ‘ಕಡತ ಲಭ್ಯವಿಲ್ಲ’ ಎಂಬ ಉತ್ತರವೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಬಳಿ ಏಕೆ ದಾಖಲೆ ಇಲ್ಲ ಎಂಬ ಪ್ರಶ್ನೆಗೆ ಅದೇ ಉತ್ತರ, ಜೋಪಾನವಾಗಿಡಿ.

ಇದರ ಜೊತೆಗೇ ಕಾರ್ಖಾನೆಗೆ ಒಂದು ಪತ್ರ ಹೋಗಬೇಕು. 1995ರ ಜನವರಿ 27ರಂದು ಸುಪ್ರೀಂ ಕೋರ್ಟು, ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ, ಕಲ್ನಾರು ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಆಮೇಲೆ ಮುಗಿಯುವುದೋ ಅಲ್ಲಿಯವರೆಗೆ ಇಟ್ಟಿರಬೇಕೆಂದು ಆದೇಶಿಸಿತು. ಗಾಳಿಯಲ್ಲಿನ ಎಳೆ ಅಳೆಯಲು ಮೆಂಬ್ರೇನ್ ಫಿಲ್ಟರ್ ಪರೀಕ್ಷೆಯನ್ನು ಎಲ್ಲ ಕಾರ್ಖಾನೆಗಳೂ ಅಳವಡಿಸಿಕೊಳ್ಳಬೇಕೆಂದೂ ಹೇಳಿತು. ಈ ತೀರ್ಪನ್ನು ಉಲ್ಲೇಖಿಸಿ, ನಿಮ್ಮ ಆರೋಗ್ಯ ದಾಖಲೆ ಮತ್ತು ನೀವಿದ್ದ ವರ್ಷಗಳ ಗಾಳಿ ಪರೀಕ್ಷೆಯ ವರದಿ 15 ದಿನದಲ್ಲಿ ಕೊಡಿ, ಇರುವ ಯಾವ ದಾಖಲೆಯನ್ನೂ ನಾಶ ಮಾಡಬೇಡಿ ಎಂದು ಬರೆದು, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ, ಇಡಲೇಬೇಕಾದ ದಾಖಲೆಯನ್ನು ಇಡಲಿಲ್ಲ ಎಂದು ಅವರ ವಿರುದ್ಧ ವಾದಿಸಲು ನಿಮ್ಮ ವಕೀಲರಿಗೆ ಹಿಡಿತ ಸಿಗುತ್ತದೆ. ಕಂಪನಿಯ ಹೆಸರು ಬದಲಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹಳೆಯ ಹೆಸರು, ವಿಲೀನ, ಈಗಿನ ನೋಂದಾಯಿತ ವಿಳಾಸ ನೋಡಿಕೊಂಡು ಅಲ್ಲಿಗೆ ಬರೆಯಿರಿ.

ವಸ್ತುವಿನ ತುಂಡನ್ನೇ ಸಾಕ್ಷ್ಯವಾಗಿ ತರುವ ಆಸೆ ಕೆಲವರಿಗೆ ಇರುತ್ತದೆ. ಒಣ ಶೀಟನ್ನು ಮುರಿಯಬೇಡಿ, ಕೊರೆಯಬೇಡಿ, ಪೈಪಿನ ಹೊದಿಕೆಯನ್ನಂತೂ ಮುಟ್ಟಲೇಬೇಡಿ. ಹೊದಿಕೆ ಪುಡಿಪುಡಿಯಾಗಿ ಉದುರುತ್ತದೆ, ಶೀಟಿಗಿಂತ ಎಷ್ಟೋ ಪಾಲು ಹೆಚ್ಚು ಎಳೆ ಗಾಳಿಗೆ ಬಿಡುತ್ತದೆ. ಮನೆಯಲ್ಲಿ ಆಗಲೇ ಮುರಿದು ಬಿದ್ದ ಶೀಟಿನ ಚೂರೋ, ಹಳೆಯ ಲೈನರೋ ಇದ್ದರೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಬೆರೆಸಿದ ನೀರಿನಲ್ಲಿ ಚೆನ್ನಾಗಿ ತೋಯಿಸಿ, ನಾಣ್ಯದಷ್ಟು ಚೂರನ್ನು ಜಿಪ್ ಚೀಲದಲ್ಲಿ ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಡಿ. ಎಲ್ಲಿ, ಯಾವತ್ತು, ಯಾರು ತೆಗೆದರು ಎಂದು ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಆದರೂ ಇಂಥ ಖಾಸಗಿ ಮಾದರಿಗೆ ಬೆಲೆ ಕಡಿಮೆ. ಕಾರ್ಖಾನೆ ಇನ್ನೂ ನಿಂತಿದ್ದರೆ ಕೋರ್ಟ್ ಕಮಿಷನರನ್ನು ನೇಮಿಸಿ ಸ್ಥಳ ಪರಿಶೀಲನೆ, ಮಹಜರು, ಪ್ರಯೋಗಾಲಯದ ಪರೀಕ್ಷೆ ಮಾಡಿಸುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಡಿ ಅರ್ಜಿ ಹಾಕುವುದು ಮೇಲು.

ಮೊಬೈಲಿನ ಫೋಟೊ, ವಿಡಿಯೊಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ತೆಗೆದ ಫೋನಿನಲ್ಲೇ ಮೂಲ ಫೈಲನ್ನು ಉಳಿಸಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿ ಕುಗ್ಗಿಹೋಗಿರುತ್ತದೆ, ತೆಗೆದ ದಿನ ಸಮಯದ ವಿವರವೂ ಅಳಿಸಿರುತ್ತದೆ.

ವೈದ್ಯಕೀಯ ಕಡತ

ಕಲ್ನಾರಿನ ಕಾಯಿಲೆಗೆ ನಮ್ಮಲ್ಲಿ ಮೊದಲು ಬೀಳುವ ಹೆಸರು ಬಹಳ ಸಲ ಕ್ಷಯ. ಎದೆಯಲ್ಲಿ ನೀರು ತುಂಬಿದರೆ ಆರು ತಿಂಗಳು ಟಿಬಿ ಮಾತ್ರೆ ನುಂಗಿಸುತ್ತಾರೆ. ಆ ಕಾಗದಗಳನ್ನು ಬಚ್ಚಿಡಬೇಡಿ, ಎಸೆಯಬೇಡಿ. ಕಫ ಪರೀಕ್ಷೆಯಲ್ಲಿ, ಸಿಬಿನ್ಯಾಟ್ ಪರೀಕ್ಷೆಯಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ, ಮಾತ್ರೆ ಮುಗಿದರೂ ದಮ್ಮು ಕಡಿಮೆಯಾಗಲಿಲ್ಲ ಎಂಬ ಸರಣಿಯೇ ನಿಮ್ಮ ಪರ ಸಾಕ್ಷ್ಯ. ಹೊಸ ವೈದ್ಯರ ಬಳಿ ಹೋದಾಗ ‘ಏನು ಕೆಲಸ?’ ಎಂದರೆ ‘ನಿವೃತ್ತಿ’ ಎನ್ನಬೇಡಿ. ‘ಇಂಥ ವರ್ಷದಿಂದ ಇಷ್ಟು ವರ್ಷ ಕಲ್ನಾರು ಶೀಟು ಕಾರ್ಖಾನೆಯಲ್ಲಿ ಚೀಲ ಸುರಿಯುತ್ತಿದ್ದೆ’ ಎಂದು ಹೇಳಿ, ಅದನ್ನು ಕೇಸ್ ಶೀಟಿನಲ್ಲಿ ಬರೆಸಿ. ಮೊಕದ್ದಮೆ ಹೂಡುವ ಮೊದಲೇ ವೈದ್ಯರ ಕೈಬರಹದಲ್ಲಿ ಇರುವ ಒಂದು ಸಾಲಿಗೆ ಆಮೇಲೆ ಬರೆಸಿದ ಹತ್ತು ಪುಟದ ಪ್ರಮಾಣಪತ್ರಕ್ಕಿಂತ ತೂಕ ಹೆಚ್ಚು.

ಆಸ್ಬೆಸ್ಟೋಸಿಸ್‌ಗೆ ಬೇಕಾದ ಕಟ್ಟು ಇಷ್ಟು. ಎದೆಯ ಎಕ್ಸ್‌ರೇ, ಅದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರ್ಗೀಕರಣದಂತೆ ಓದಿದ ವರದಿ. ಕಲ್ನಾರಿನಲ್ಲಿ ಸಾಮಾನ್ಯವಾಗಿ ಕೆಳಭಾಗದಲ್ಲಿ ಎಸ್, ಟಿ, ಯು ಆಕಾರದ ಅಡ್ಡಾದಿಡ್ಡಿ ನೆರಳು ಕಾಣುತ್ತದೆ, ದಟ್ಟಣೆ 1/0 ಅಥವಾ ಹೆಚ್ಚು ಎಂದು ವರದಿಯಲ್ಲಿ ನಮೂದಾಗಬೇಕು. ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ) ಸ್ಕ್ಯಾನ್, ಸಾಧ್ಯವಾದರೆ ಬೋರಲು ಮಲಗಿಸಿ ತೆಗೆದದ್ದೂ ಇರಲಿ. ಅಂಗಾತ ಮಲಗಿದಾಗ ಬೆನ್ನಿನ ಭಾಗದಲ್ಲಿ ಬರೀ ಭಾರದಿಂದ ಕಾಣುವ ನೆರಳನ್ನು ಅದು ಬೇರ್ಪಡಿಸುತ್ತದೆ. ಶ್ವಾಸಕೋಶದ ಪೊರೆಯ ಮೇಲೆ ಸುಣ್ಣಗಟ್ಟಿದ ತೇಪೆಗಳಿದ್ದರೆ ವರದಿಯಲ್ಲಿ ಬರೆಸಲೇಬೇಕು. ಅದು ಹಿಂದೆ ಕಲ್ನಾರು ದೂಳು ಒಳಹೋದದ್ದರ ಗುರುತು. ಊದಿಸುವ ಪರೀಕ್ಷೆಯಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಗಾಳಿಯ ಪ್ರಮಾಣ), ಜೊತೆಗೆ ಅನಿಲ ರಕ್ತಕ್ಕೆ ಸೇರುವ ಸಾಮರ್ಥ್ಯದ ಡಿಎಲ್‌ಸಿಒ. ಡಿಎಲ್‌ಸಿಒ ಎಲ್ಲ ಊರಲ್ಲೂ ಇಲ್ಲ, ಆದರೆ ಅದಿಲ್ಲದ ಕಡತ ಅರ್ಧ. ಫಿಲ್ಮು ಮಾತ್ರವಲ್ಲ, ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ರೂಪದಲ್ಲಿ ಸಿಡಿಯನ್ನೂ ಕೇಳಿ ಪಡೆಯಿರಿ. ಎದುರು ಪಕ್ಷದ ತಜ್ಞರು ಮತ್ತೆ ಓದಲು ಕೇಳಿದಾಗ ಅದೇ ಬೇಕು.

ಮೀಸೋಥೀಲಿಯೋಮ ಆದರೆ ಎದೆನೀರಿನ ಪರೀಕ್ಷೆ ಮಾತ್ರ ಸಾಲದು. ಬಯಾಪ್ಸಿ, ಅದರ ಮೇಲೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ (ಅಂಗಾಂಶದಲ್ಲಿನ ಪ್ರೋಟೀನುಗಳಿಂದ ಕ್ಯಾನ್ಸರಿನ ಬಗೆ ಗುರುತಿಸುವ ಪರೀಕ್ಷೆ) ಬೇಕು. ಕ್ಯಾಲ್‌ರೆಟಿನಿನ್, ಡಬ್ಲ್ಯೂಟಿ1 ಮೊದಲಾದವು ಪಾಸಿಟಿವ್ ಬಂದು ಟಿಟಿಎಫ್1 ನೆಗೆಟಿವ್ ಬಂದರೆ ಶ್ವಾಸಕೋಶದ ಸಾಮಾನ್ಯ ಕ್ಯಾನ್ಸರಿನಿಂದ ಇದನ್ನು ಬೇರೆ ಮಾಡಬಹುದು. ಮೇಣದಲ್ಲಿ ಹುದುಗಿಸಿದ ಅಂಗಾಂಶದ ಬ್ಲಾಕು ಮತ್ತು ಸ್ಲೈಡುಗಳನ್ನು ನಾಶ ಮಾಡಬಾರದೆಂದು ಆಸ್ಪತ್ರೆಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರು ಚಿಕಿತ್ಸೆಯ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು ಎಂಬುದು ವೈದ್ಯರ 2002ರ ವೃತ್ತಿ ನಿಯಮ. ಮೂರು ವರ್ಷ ದಾಟಿದರೆ ಸಿಗದಿರಬಹುದು, ಇಂದೇ ಕೇಳಿ.

ಬೀಡಿ ಸೇದುತ್ತಿದ್ದರೆ ಮುಚ್ಚಿಡಬೇಡಿ. ಮೀಸೋಥೀಲಿಯೋಮಕ್ಕೂ ಹೊಗೆಗೂ ಸಂಬಂಧವಿಲ್ಲ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕಲ್ನಾರು ಮತ್ತು ಹೊಗೆ ಎರಡೂ ಸೇರಿದರೆ ಅಪಾಯ ಒಂದೊಂದರಿಂದ ಆಗುವುದಕ್ಕಿಂತ ಬಹಳ ಹೆಚ್ಚುತ್ತದೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ನಷ್ಟ.

ವೈದ್ಯರಿಂದ ಕೊನೆಗೆ ಬರೆಸುವ ಅಭಿಪ್ರಾಯದಲ್ಲಿ ನಾಲ್ಕು ವಿಷಯ ಇರಬೇಕು: ದೂಳಿನ ಇತಿಹಾಸ, ಮೊದಲ ದೂಳಿನಿಂದ ಕಾಯಿಲೆವರೆಗಿನ ವರ್ಷಗಳು, ಬೇರೆ ಕಾರಣಗಳನ್ನು ಏಕೆ ಬಿಡಲಾಯಿತು, ಗಳಿಕೆಯ ಸಾಮರ್ಥ್ಯ ಎಷ್ಟು ಶೇಕಡಾ ಕುಂದಿದೆ. ಕೊನೆಯದರಲ್ಲಿ ತಪ್ಪುಗಳು ಹೆಚ್ಚು. ‘ಶ್ವಾಸಕೋಶ ಶೇ 40 ಹಾಳಾಗಿದೆ’ ಎಂಬುದು ಬೇರೆ, ‘ಚೀಲ ಹೊರುವ ಈ ಕೆಲಸಗಾರ ಇನ್ನು ಆ ಕೆಲಸ ಮಾಡಲಾರ, ಗಳಿಕೆಯ ಸಾಮರ್ಥ್ಯ ಪೂರ್ತಿ ಹೋಗಿದೆ’ ಎಂಬುದು ಬೇರೆ. ಪರಿಹಾರದ ಲೆಕ್ಕ ನಿಲ್ಲುವುದು ಎರಡನೆಯದರ ಮೇಲೆ. ಇಎಸ್‌ಐ ಇರುವವರಿಗೆ ಇದನ್ನು ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ಅಲ್ಲಿಗೆ ಹೋಗುವಾಗ ದೂಳಿನ ನೋಟ್‌ಬುಕ್ಕಿನ ನಕಲೂ ಕೈಯಲ್ಲಿರಲಿ. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಕ್ಯಾನ್ಸರಿಗೆ ಕಿದ್ವಾಯಿ ಇವೆ. ಔದ್ಯೋಗಿಕ ಕಾಯಿಲೆಗಳ ಪರಿಣತಿಗೆ ದೇವನಹಳ್ಳಿ ತಾಲ್ಲೂಕಿನ ಕಣ್ಣಮಂಗಲದಲ್ಲಿ ಐಸಿಎಂಆರ್‌ನ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ಇದೆ. ಅದರ ಮಾತೃಸಂಸ್ಥೆ ಅಹಮದಾಬಾದಿನದು. 1995ರ ತೀರ್ಪು ಕಾರ್ಮಿಕರ ಮರುಪರೀಕ್ಷೆಗೆ ಹೆಸರಿಸಿದ್ದೂ, ಯಾರ ದೃಢೀಕರಣದ ಮೇಲೆ ತಲಾ ಒಂದು ಲಕ್ಷ ರೂ. ಕೊಡಲು ಹೇಳಿತೋ ಅದೂ ಅದೇ ಸಂಸ್ಥೆ.

ರೋಗಿಯ ಮಾತು, ರೋಗಿ ಇಲ್ಲದಾದಾಗ

ಮೀಸೋಥೀಲಿಯೋಮ ಪತ್ತೆಯಾದ ಮೇಲೆ ಹೆಚ್ಚಿನವರಿಗೆ ಉಳಿಯುವ ಕಾಲ ತಿಂಗಳುಗಳ ಲೆಕ್ಕದ್ದು. ಮೊಕದ್ದಮೆ ಅಷ್ಟರಲ್ಲಿ ಮುಗಿಯುವುದಿಲ್ಲ. ಅರ್ಜಿ ಹಾಕಿದ ಕೂಡಲೇ, ಕಾಯಿಲೆಯ ಸ್ಥಿತಿಯ ವೈದ್ಯಕೀಯ ಪತ್ರ ಲಗತ್ತಿಸಿ, ರೋಗಿಯ ಹೇಳಿಕೆಯನ್ನು ಮೊದಲೇ ದಾಖಲಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 16ನೇ ನಿಯಮದಡಿ ಕೇಳಿ, ಇಲ್ಲವೇ ಕಮಿಷನರು ಮನೆಗೋ ಆಸ್ಪತ್ರೆಗೋ ಬಂದು ದಾಖಲಿಸುವಂತೆ ಕೇಳಿ. ಎದುರು ವಕೀಲರು ಪಾಟೀ ಸವಾಲು ಮಾಡಿದ ಹೇಳಿಕೆಗೇ ಪೂರ್ಣ ಬೆಲೆ. ಮನೆಯವರು ತೆಗೆದ ವಿಡಿಯೊ ಅದರ ಜಾಗ ತುಂಬುವುದಿಲ್ಲ, ಆದರೂ ತೆಗೆದಿಡಿ. ಹತ್ತು ಹತ್ತು ನಿಮಿಷದಂತೆ, ಉಸಿರು ಕಟ್ಟದ ಬೆಳಗಿನ ಹೊತ್ತಿನಲ್ಲಿ ಮಾತಾಡಿಸಿ. ಪಕ್ಕದಿಂದ ಉತ್ತರ ಹೇಳಿಕೊಡಬೇಡಿ.

ಸಾವು ಸಂಭವಿಸಿದರೆ ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ನೋಡಿ. ಆಸ್ಪತ್ರೆಯಲ್ಲಾದರೆ ನಮೂನೆ 4, ಮನೆಯಲ್ಲಾದರೆ 4ಎ. ‘ಹೃದಯ ಮತ್ತು ಉಸಿರಾಟದ ಸ್ತಂಭನ’ ಎಂದಷ್ಟೇ ಬರೆದು ಮುಗಿಸುವುದು ರೂಢಿ. ಅದು ಸಾವಿನ ರೀತಿಯೇ ಹೊರತು ಕಾರಣವಲ್ಲ. ಹಿಂದಿನ ಕಾರಣ ಎಂಬ ಸಾಲಿನಲ್ಲಿ ಆಸ್ಬೆಸ್ಟೋಸಿಸ್ ಅಥವಾ ಮೀಸೋಥೀಲಿಯೋಮ ಬರಬೇಕು. ಅಂದೇ, ದೇಹ ಒಯ್ಯುವ ಮೊದಲೇ, ವೈದ್ಯರಿಗೆ ಹಳೆಯ ವರದಿ ತೋರಿಸಿ ಕೇಳಿ. ಆಮೇಲೆ ತಿದ್ದಿಸುವುದು ಬಹಳ ಕಷ್ಟ. ಜೀವಂತ ಇದ್ದಾಗ ಬಯಾಪ್ಸಿ ಆಗಿರದಿದ್ದರೆ ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದ ಅಂಗಾಂಶ ಉಳಿಸಿಡಲು ಹೇಳುವುದೊಂದೇ ದಾರಿ. ಆ ಹೊತ್ತಿನಲ್ಲಿ ಇದನ್ನು ಕೇಳುವುದು ಮನೆಯವರಿಗೆ ಎಷ್ಟು ಭಾರ ಎಂಬುದು ಗೊತ್ತು. ಅದಕ್ಕೇ ಇದನ್ನು ಮೊದಲೇ ಮಾತಾಡಿ, ಕೇಳುವ ಹೊಣೆಯನ್ನು ಒಬ್ಬರಿಗೆ ವಹಿಸಿಡಿ. ನಾಡಕಚೇರಿಯಿಂದ ವಂಶವೃಕ್ಷ, ಅವಲಂಬಿತರ ಆಧಾರ್, ಮದುವೆ ಮತ್ತು ಮಕ್ಕಳ ಜನನದ ದಾಖಲೆ ಇದರ ಜೊತೆ ಸೇರುತ್ತವೆ.

ಕಡತ ಜೋಡಿಸುವುದು, ಸಲ್ಲಿಸುವುದು

ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಇಡಿ, ಪುಟಗಳಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ, ಮುಂದೆ ಒಂದು ಪುಟದ ಕಾಲಾನುಕ್ರಮ ಪಟ್ಟಿ ಸೇರಿಸಿ: ವರ್ಷ, ಏನಾಯಿತು, ಯಾವ ಪುಟ. ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ, ವಕೀಲರಿಗೂ ಕೋರ್ಟು ಕೇಳುವ ದಿನದವರೆಗೆ ಜೆರಾಕ್ಸ್ ಸಾಕು. ಮೂರು ಸೆಟ್ ಮಾಡಿಸಿ. ಥರ್ಮಲ್ ಕಾಗದದ ಹಳೆಯ ಚೀಟಿಗಳು ಮಾಸಿಹೋಗುತ್ತವೆ, ಅವನ್ನು ಮೊದಲು ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಮುದ್ರೆ ಮತ್ತು ಶಾಯಿಯ ಪರೀಕ್ಷೆಗೆ ಅಡ್ಡಿಯಾಗುತ್ತದೆ.

ವಕೀಲರ ಶುಲ್ಕಕ್ಕೆ ಹೆದರಿ ನಿಲ್ಲಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಉಚಿತ ವಕೀಲರನ್ನು ಕೇಳುವ ಹಕ್ಕಿದೆ, ಆದಾಯದ ಮಿತಿ ಇವರಿಗೆ ಅಡ್ಡ ಬರುವುದಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಪರಿಹಾರದ ಮೊತ್ತದಲ್ಲಿ ಇಷ್ಟು ಪಾಲು ಎಂದು ಸಹಿ ಹಾಕಿಸಿಕೊಳ್ಳಲು ಬರುವ ಮಧ್ಯವರ್ತಿಗಳಿಗೆ ಖಾಲಿ ಹಾಳೆ, ಖಾಲಿ ವಕಾಲತ್ತು, ಮೂಲ ಎಕ್ಸ್‌ರೇ ಕೊಡಬೇಡಿ.

ಅರ್ಜಿ ಸಲ್ಲಿಸಿದ ದಿನ ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಆಮೇಲೂ ಆರು ತಿಂಗಳಿಗೊಮ್ಮೆ ಊದಿಸುವ ಪರೀಕ್ಷೆ ಮಾಡಿಸಿ ವರದಿಯನ್ನು ಕಡತಕ್ಕೆ ಸೇರಿಸುತ್ತಿರಿ. ವಿಚಾರಣೆ ನಡೆಯುವ ವರ್ಷಗಳಲ್ಲಿ ಕಾಯಿಲೆ ಮುಂದುವರಿದರೆ ಅಂಗವೈಕಲ್ಯದ ಶೇಕಡಾ ಹೆಚ್ಚಿಸಿ ಕೇಳಲು ಬೇಕಾಗುವುದು ಈ ವರದಿಗಳೇ.